ಡಾಕ್ಟರ್ ‘ಸಕ್ಸಸ್’ ಅಂತಾರೆ, ನನಗೆ ಮಾತ್ರ ಅಷ್ಟು ಕೇಳಲ್ಲ!

ಪ್ರಶ್ನೆ: ಬೆಟಗೇರಿಯಲ್ಲಿ ಪವರ್‌ಲೂಮ್ ನಡೆಸುತ್ತೇನೆ, ವಯಸ್ಸು 43. ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿ ನಾಲ್ಕು ತಿಂಗಳಾಯಿತು. ತಮಟೆಯ ತೂತು ಮುಚ್ಚಿ, ಸವೆದುಹೋದ ಎಲುಬಿನ ಜಾಗಕ್ಕೆ ಟೈಟಾನಿಯಂ ಕೂಡಿಸಿದ್ದಾರೆ. ಸೋರುವುದು ನಿಂತಿದೆ. ಪರೀಕ್ಷೆ ಮಾಡಿ ಡಾಕ್ಟರ್ ‘ಚೆನ್ನಾಗಿ ಆಗಿದೆ’ ಅಂದರು. ಆದರೆ ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಈಗಲೂ ತಿರುಗಿ ಬಲಗಿವಿ ಕೊಡಬೇಕು. ‘ರೊಕ್ಕ ಸುರಿದದ್ದು ದಂಡ ಆತಲ್ರೀ’ ಅಂತಾಳೆ ಹೆಂಡತಿ. ನನಗೆ ಮೋಸ ಆಗಿದೆಯಾ? ಮೊದಲಿನ, ಈಗಿನ ಎರಡೂ ರಿಪೋರ್ಟ್‌ಗಳ ಫೋಟೊ ಕಳಿಸಿದ್ದೇನೆ.

ಉತ್ತರ: ಮೋಸ ಆಗಿಲ್ಲ. ಹಾಗಂತ ನೀವು ಹೇಳುತ್ತಿರುವುದೂ ಸುಳ್ಳಲ್ಲ. ನಿಮ್ಮ ಡಾಕ್ಟರ್ ನೋಡುತ್ತಿರುವುದು ಒಂದು ಲೆಕ್ಕ, ನೀವು ನೋಡುತ್ತಿರುವುದು ಇನ್ನೊಂದು.

ರಿಪೋರ್ಟ್ ಮುಂದಿಟ್ಟುಕೊಳ್ಳಿ. ಎಡಗಿವಿಗೆ ಎರಡು ಬಗೆಯ ಗುರುತು ಇವೆ. ನೀಲಿ ಗುಣಿಸು ಗುರುತಿನ ಗೆರೆ ಹೆಡ್‌ಫೋನ್ ಹಾಕಿ ತೆಗೆದದ್ದು, ಅಂದರೆ ಶಬ್ದ ತಮಟೆ ದಾಟಿ, ಅದರ ಹಿಂದೆ ಶಬ್ದ ಸಾಗಿಸುವ ಮೂರು ಪುಟ್ಟ ಮೂಳೆ ದಾಟಿ ಒಳಗೆ ಹೋಗಬೇಕು. ಇನ್ನೊಂದನ್ನು ಕಿವಿ ಹಿಂದಿನ ಮೂಳೆಗೆ ಒಂದು ಸಣ್ಣ ಡಬ್ಬಿಯಂಥದ್ದನ್ನು ಒತ್ತಿ ಹಿಡಿದು ತೆಗೆದಿರುತ್ತಾರೆ. ಅದು ದಾರಿಯಲ್ಲಿರುವುದನ್ನೆಲ್ಲ ಬಿಟ್ಟು ನೇರ ಒಳಗಿವಿಯ ತಾಕತ್ತು ಹೇಳುತ್ತದೆ. ಅಂಕಿ ಕಮ್ಮಿ ಇದ್ದಷ್ಟೂ ಚೆನ್ನಾಗಿ ಕೇಳುತ್ತದೆ ಅಂತ ಅರ್ಥ, ಗೆರೆ ಕೆಳಗಿಳಿದಷ್ಟೂ ಅಂಕಿ ಜಾಸ್ತಿ. ಆಪರೇಷನ್‌ಗೆ ಮುಂಚೆ ನಿಮ್ಮ ಮೊದಲ ಗೆರೆಯ ಸರಾಸರಿ 58 ಡೆಸಿಬೆಲ್, ಎರಡನೆಯದು 20. ಅಂತರ 38. ಈಗ 36 ಮತ್ತು 20, ಅಂತರ ಬರೀ 16. ಈ ಅಂತರ 20ರ ಒಳಗೆ ಬಂದರೆ ಕಿವಿ ಸರ್ಜನ್‌ಗಳು ಸಕ್ಸಸ್ ಅಂತ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ನಿಮ್ಮದು ಪಾಸು.

ಆದರೆ ಮನೆಯಲ್ಲಿ ಕೂತು ಮಾತು ಕೇಳುವಾಗ ಈ ಅಂತರ ಯಾರಿಗೆ ಬೇಕು? ಬೆಲ್‌ಫಾಸ್ಟ್‌ನ ಕಿವಿ ಸರ್ಜನ್ ಗಾರ್ಡನ್ ಸ್ಮೈತ್ ಮತ್ತು ಜೊತೆಗಾರರು 1985ರಲ್ಲಿ ಇದನ್ನೇ ಎತ್ತಿದರು, ಡಾಕ್ಟರ್ ಚೆನ್ನಾಗಿದೆ ಅಂದಾಗ ಪೇಷಂಟ್‌ಗೂ ಹಾಗೇ ಅನಿಸುತ್ತದಾ ಅಂತ. ಅವರು ಹೇಳಿದ ಲೆಕ್ಕ ಸರಳ: ಆಪರೇಷನ್ ಆದ ಕಿವಿ 30 ಡೆಸಿಬೆಲ್‌ಗೆ ಅಥವಾ ಅದಕ್ಕಿಂತ ಕೆಳಗೆ ಬರಬೇಕು, ಇಲ್ಲವೇ ಎರಡು ಕಿವಿಗಳ ನಡುವಿನ ವ್ಯತ್ಯಾಸ 15ರ ಒಳಗೆ ಇರಬೇಕು. ಆಗಲೇ ಮನುಷ್ಯನಿಗೆ ‘ಹಾಂ, ಫರಕ್ ಬಿತ್ತು’ ಅನಿಸುವುದು. ನಿಮ್ಮ ಎಡಗಿವಿ 36ಕ್ಕೆ ನಿಂತಿದೆ, ಬಲಗಿವಿ 14. ಎರಡೂ ಷರತ್ತು ಸ್ವಲ್ಪದರಲ್ಲೇ ತಪ್ಪಿವೆ. ಬಲಗಿವಿ ಚೆನ್ನಾಗಿರುವುದರಿಂದ ಎಲ್ಲ ಕೆಲಸವನ್ನೂ ಅದೇ ಮಾಡುತ್ತಿದೆ, ಎಡಗಿವಿ ಸುಧಾರಿಸಿದ್ದು ನಿಮ್ಮ ಗಮನಕ್ಕೇ ಬರುತ್ತಿಲ್ಲ. ಈ ಮಾತನ್ನು ಆಪರೇಷನ್‌ಗೆ ಮುಂಚೆಯೇ ಪೇಷಂಟ್‌ಗೆ ಹೇಳಬೇಕು ರೀ. ಹೇಳದೆ ಬಿಡುವುದು ನಮ್ಮ ಡಾಕ್ಟರುಗಳ ಕೆಟ್ಟ ಚಾಳಿ.

ಮತ್ತೆ ಕೊಯ್ಸಿಕೊಳ್ಳಬೇಕಾ? ಬೇಡ. ಉಳಿದಿರುವ 16ಕ್ಕೋಸ್ಕರ ಮತ್ತೆ ಕಿವಿ ತೆರೆದರೆ ಸಿಗುವುದು ಕಮ್ಮಿ, ಒಳಗಿವಿಗೆ ಪೆಟ್ಟಾಗುವ ಅಪಾಯ ಸಣ್ಣದಾದರೂ ಪ್ರತಿ ಸಲವೂ ಇರುತ್ತದೆ. ಡಿಸ್ಚಾರ್ಜ್ ಕಾರ್ಡ್ ತೆಗೆದು ಒಂದು ವಿಷಯ ನೋಡಿ, ಕೊನೆಯ ಮೂಳೆ, ಅಂದರೆ ಸ್ಟೇಪಿಸ್, ನೆಟ್ಟಗಿತ್ತಾ ಅಂತ. ಇದ್ದರೆ ಅದರ ತಲೆ ಮೇಲೆ ಕೂರುವ ಚಿಕ್ಕ ಟೈಟಾನಿಯಂ ಹಾಕಿರುತ್ತಾರೆ, ಅದಕ್ಕೆ ‘ಪೋರ್ಪ್’ ಅಂತಾರೆ. ಸ್ಟೇಪಿಸ್‌ನ ಕಾಲುಗಳೂ ಸವೆದು ಬರೀ ತಳ ಉಳಿದಿದ್ದರೆ ಉದ್ದನೆಯ ‘ಟೋರ್ಪ್’ ಬೇಕಾಗುತ್ತದೆ. ಸಾಮಾನ್ಯವಾಗಿ ಪೋರ್ಪ್ ಹಾಕಿದವರಿಗೇ ಚೆನ್ನಾಗಿ ಕೇಳಿಸುತ್ತದೆ. ಪೋರ್ಪ್, ಟೋರ್ಪ್ ಎರಡೂ ಕೂತ ಜಾಗದಿಂದ ಸರಿಯಬಹುದು, ತಮಟೆಯಿಂದ ಹೊರಗೂ ಬರಬಹುದು, ಆದ್ದರಿಂದ ಒಂದು ವರ್ಷ ತುಂಬಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಈಗಿನ ಕಷ್ಟಕ್ಕೆ ಎಡಗಿವಿಗೆ ಕೇಳುವ ಮಷೀನು (ಹಿಯರಿಂಗ್ ಏಡ್) ಹಾಕಿ ನೋಡಬಹುದು. ನಗಬೇಡಿ. ಸೋರುವ ಕಿವಿಗೆ ಅದನ್ನು ತುರುಕಿದರೆ ಸೋರುವುದು ಜಾಸ್ತಿಯಾಗುತ್ತದೆ, ಒಣಗಿದ ಕಿವಿಗೆ ಆರಾಮಾಗಿ ಹಾಕಬಹುದು. ಅಷ್ಟರ ಮಟ್ಟಿಗೆ ರೊಕ್ಕ ದಂಡ ಆಗಿಲ್ಲ ಅಂತ ಮನೆಯವರಿಗೆ ಹೇಳಿ.

ನನಗೆ ಚಿಂತೆ ಇರುವುದು ಬೇರೆ ಕಡೆ. ನಿಮ್ಮ ಬಲಗಿವಿಯ ಗೆರೆ 4000 ಹರ್ಟ್ಸ್, ಅಂದರೆ ಕೀರಲು ಸದ್ದಿನ ಹತ್ತಿರ ದಡಕ್ಕನೆ 35 ಡೆಸಿಬೆಲ್‌ಗೆ ಇಳಿದಿದೆ. ಇದು ಮಗ್ಗದ ಸದ್ದಿನ ಗುರುತು. ಆ ಸದ್ದಿಗೆ ಹಾಳಾಗುವುದು ಒಳಗಿವಿ, ಅದನ್ನು ಯಾವ ಟೈಟಾನಿಯಂ ಕೂಡ ಸರಿ ಮಾಡಲ್ಲ. ಶೆಡ್ಡಿಗೆ ಕಾಲಿಡುವಾಗಲೇ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿಕೊಳ್ಳಿ, ಅರಳೆ ಸಾಕಾಗಲ್ಲ.

ಪ್ರಶ್ನೆ: ನಾವು ರಾಣೆಬೆನ್ನೂರಿನವರು. 11 ವರ್ಷದ ಮಗಳ ಕಿವಿಯಿಂದ ಕೊಲೆಸ್ಟಿಯಾಟೋಮಾ ತೆಗೆದರು, ಆದರೆ ಎಲುಬು ಕೂಡಿಸಲಿಲ್ಲ, ವರ್ಷ ಬಿಟ್ಟು ನೋಡೋಣ ಅಂದರು. ಕೇಳಿಸುವುದು ಮೊದಲಿಗಿಂತ ಕಮ್ಮಿಯೇ ಆಗಿದೆ. ಒಂದೇ ಸಲಕ್ಕೆ ಮುಗಿಸಬಹುದಿತ್ತಲ್ವಾ?

ಉತ್ತರ: ಅಕ್ಕಾರೆ, ಅದು ಜಾಗ ತಪ್ಪಿ ಬೆಳೆದ ಚರ್ಮ, ಸುತ್ತಲಿನ ಮೂಳೆಯನ್ನು ತಿನ್ನುತ್ತದೆ. ಚೂರು ಉಳಿದರೂ ಮತ್ತೆ ಬೆಳೆಯುತ್ತದೆ, ಮಕ್ಕಳಲ್ಲಿ ಇನ್ನೂ ಜಾಸ್ತಿ. ಅದಕ್ಕೇ ವರ್ಷದ ಹೊತ್ತಿಗೆ ಇನ್ನೊಮ್ಮೆ ಒಳಗೆ ನೋಡಿ, ಸ್ವಚ್ಛವಾಗಿದ್ದರೆ ಆಗ ಮೂಳೆ ಕೂಡಿಸುತ್ತಾರೆ. ಕೇಳುವುದು ಕಮ್ಮಿಯಾಗಿದ್ದಕ್ಕೆ ಗಾಬರಿ ಬೇಡ. ಕೆಲವರಲ್ಲಿ ಆ ಗಡ್ಡೆಯೇ ಶಬ್ದ ದಾಟಿಸುತ್ತಿರುತ್ತದೆ, ತೆಗೆದ ಮೇಲೆ ಅದೂ ಹೋಗುತ್ತದೆ. ಅಲ್ಲಿಯವರೆಗೆ ಶಾಲೆಯಲ್ಲಿ ಮುಂದಿನ ಬೆಂಚು, ಚೆನ್ನಾಗಿರುವ ಕಿವಿ ಟೀಚರ್ ಕಡೆಗೆ. ತಲೆಸ್ನಾನಕ್ಕೆ ವ್ಯಾಸಲಿನ್ ಸವರಿದ ಅರಳೆ ಇಡಿ. ಅಜ್ಜಿ ಎಷ್ಟು ಹೇಳಿದರೂ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡಬೇಡಿ! ಮತ್ತೆ, ಕೇಳಿಸಲು ಶುರುವಾಯಿತು ಅಂತ ಚೆಕಪ್ ಬಿಡಬೇಡಿ.

ಪ್ರಶ್ನೆ: ಕಿವಿ ಆಪರೇಷನ್ ಆದಾಗಿನಿಂದ ನಾಲಿಗೆಯ ಒಂದು ಬದಿ ಸಪ್ಪೆ. ನಮ್ಮ ಧಾರವಾಡದ ಪೇಢಾ ತಿಂದರೂ ತಗಡು ನೆಕ್ಕಿದ ಹಾಗೆ!

ಉತ್ತರ: ರುಚಿಯ ಒಂದು ನರ ಮಧ್ಯಗಿವಿಯ ಮೂಳೆಗಳ ನಡುವೆಯೇ ಹಾಯ್ದು ಹೋಗುತ್ತದೆ, ಆಪರೇಷನ್‌ನಲ್ಲಿ ಅದಕ್ಕೆ ಕೈ ತಾಗುವುದುಂಟು. ಬಹಳ ಜನರಿಗೆ ಕೆಲವು ತಿಂಗಳಲ್ಲಿ ಕಮ್ಮಿಯಾಗುತ್ತದೆ. ಆದರೆ ಬಾಯಿ ಒಂದು ಕಡೆ ಸೊಟ್ಟಗಾದರೆ, ತಲೆ ಗಿರ್ರನೆ ತಿರುಗಿದರೆ ಅಥವಾ ಇದ್ದಕ್ಕಿದ್ದಂತೆ ಕೇಳುವುದು ನಿಂತರೆ ನಮಗೆ ಪತ್ರ ಬರೆಯುತ್ತ ಕೂರಬೇಡಿ, ಅವತ್ತೇ ನಿಮ್ಮ ಸರ್ಜನ್ ಹತ್ತಿರ ಹೋಗಿ.