ತೆನೆ ಅಜ್ಜಿಯ ಮನೆಗೂ ಹೋಗಲಿ

ಪ್ರಶ್ನೆ: ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಅಜ್ಜಿಯೊಬ್ಬರು ಮೊಣಕಾಲು ನೋವಿನಿಂದ ಇಗರ್ಜಿಗೆ ಬರುತ್ತಿಲ್ಲ. ಮಕ್ಕಳು ಕುವೈತಿನಲ್ಲಿ. ದುಡ್ಡು ಕೊಡಹೋದರೆ ಮುಖ ತಿರುಗಿಸಿದರು. ಏನು ಮಾಡಲಿ?
– ಓದುಗಿ, ಮಂಗಳೂರು

ಉತ್ತರ: ತಂಗೀ, ಅವರಿಗಿರುವ ಕೊರತೆ ದುಡ್ಡಿನದ್ದಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು (ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಹೊಸ ತೆನೆಯ ಹಬ್ಬ) ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಅವರ ಮನೆಗೂ ಒಯ್ಯಿ. ಕೊಟ್ಟು ಓಡಿ ಬರಬೇಡ. ಅಲ್ಲೇ ಕೂತು ಭತ್ತ ಸುಲಿದು, ಪಾಯಸಕ್ಕೆ ಹಾಕಿ, ಅವರ ಕೈಯಿಂದಲೇ ಬಡಿಸಿಕೊ. ನಾನು ಕಾಲು ಮುರಿದುಕೊಂಡಿದ್ದ ವರ್ಷ ಪಕ್ಕದ ಮನೆಯಾಕೆ ಹಬ್ಬದಡುಗೆಗೆ ಹರಿವೆ, ಬೆಂಡೆ ತಂದು ನನ್ನಿಂದಲೇ ಹೆಚ್ಚಿಸಿದಳು. ಬೈದೆ, ಹೆಚ್ಚಿದೆ, ಹೊಟ್ಟೆತುಂಬ ಉಂಡೆ. ಪಾದ್ರಿಗಳಿಗೆ ಹೇಳಿ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ಮನೆಗೇ ತರಿಸು. ವಾಳೆಯ ವಾಟ್ಸ್ಯಾಪ್ ಗುಂಪಿಗೆ ಮಾತ್ರ ಫೋಟೊ ಹಾಕಬೇಡ, ದಮ್ಮಯ್ಯ!