ಸರ್ಬಿಯಾದ ‘ಕೆಂಪು ಟೋಪಿ’ ಪೊಲೀಸ್ ಪಡೆ ತನ್ನದೇ ದೇಶದ ಪ್ರಧಾನಿಯನ್ನು ಕೊಲ್ಲುವ ಮಟ್ಟಕ್ಕೆ ಹೋದದ್ದು ಹೇಗೆ?
ಆ ಪಡೆ ಸಾಮಾನ್ಯ ಪೊಲೀಸ್ ಇಲಾಖೆಯ ಕೈಕೆಳಗೆ ಬೆಳೆದದ್ದಲ್ಲ. ಗುಪ್ತಚರ ಸಂಸ್ಥೆಯಾದ ರಾಜ್ಯ ಭದ್ರತಾ ಇಲಾಖೆಗೆ ಸೇರಿತ್ತು. ಮೂಲ ಕಾರಣ ಇದೇ. ಅದರ ಕೆಲಸಗಳೆಲ್ಲ ‘ರಹಸ್ಯ’ವಾದ್ದರಿಂದ ಸಂಸತ್ತಿಗಾಗಲಿ ನ್ಯಾಯಾಲಯಕ್ಕಾಗಲಿ ಅದು ಲೆಕ್ಕ ಕೊಡುತ್ತಿರಲಿಲ್ಲ.

1991ರಲ್ಲಿ ಕ್ರೊಯೇಷಿಯಾದ ಕ್ನಿನ್‌ನಲ್ಲಿ ಸರ್ಬ್ ಹೋರಾಟಗಾರರಿಗೆ ತರಬೇತಿ ಕೊಡುವುದರೊಂದಿಗೆ ಇದು ಶುರುವಾಯಿತು. 1996ರಲ್ಲಿ ‘ವಿಶೇಷ ಕಾರ್ಯಾಚರಣೆ ಘಟಕ’ (ಜೆಎಸ್ಒ) ಎಂಬ ಅಧಿಕೃತ ರೂಪ ಪಡೆಯಿತು. ಯುಗೊಸ್ಲಾವಿಯಾ ಒಡೆದಾಗಿನ ಯುದ್ಧ ಮುಗಿದರೂ ಜನ, ಆಯುಧ, ಅಭ್ಯಾಸ ಹಾಗೇ ಉಳಿದವು. ಆಗಿನ ಆಡಳಿತಗಾರ ಮಿಲೊಶೆವಿಚ್ ಕಾಲದಲ್ಲಿ ಇದೇ ಜನ ರಾಜಕೀಯ ವಿರೋಧಿಗಳತ್ತ ತಿರುಗಿದರು: 1999ರಲ್ಲಿ ಇಬಾರ್ ಹೆದ್ದಾರಿಯಲ್ಲಿ ವಿರೋಧಪಕ್ಷದ ನಾಯಕ ವುಕ್ ದ್ರಾಶ್ಕೊವಿಚ್ ಮೇಲಿನ ದಾಳಿಗೆ ನಾಲ್ವರು ಬಲಿಯಾದರು, 2000ದಲ್ಲಿ ಮಾಜಿ ಅಧ್ಯಕ್ಷ ಇವಾನ್ ಸ್ತಾಂಬೊಲಿಚ್‌ರನ್ನು ಅಪಹರಿಸಿ ಕೊಂದರು.

2000ದ ಅಕ್ಟೋಬರ್‌ನಲ್ಲಿ ಮಿಲೊಶೆವಿಚ್ ಬಿದ್ದಾಗಲೇ ಇದನ್ನು ವಿಸರ್ಜಿಸಬೇಕಿತ್ತು. ಆದರೆ ಕಮಾಂಡರ್ ಮಿಲೊರಾದ್ ಉಲೆಮೆಕ್, ಜನರ ಮೇಲೆ ಗುಂಡು ಹಾರಿಸುವುದಿಲ್ಲವೆಂದು ವಿರೋಧಪಕ್ಷದ ಜೊರಾನ್ ಜಿಂಜಿಚ್‌ಗೆ ಮಾತು ಕೊಟ್ಟಿದ್ದ. ಪಡೆ ಉಳಿದುಕೊಂಡಿತು. ಅತ್ಯಂತ ದುಬಾರಿಯಾದ ತಪ್ಪು ಅದು. 2001ರ ನವೆಂಬರ್‌ನಲ್ಲಿ, ಯುದ್ಧಾಪರಾಧಗಳನ್ನು ವಿಚಾರಿಸುವ ಹೇಗ್ ನ್ಯಾಯಮಂಡಳಿಗೆ ಆರೋಪಿಗಳನ್ನು ಒಪ್ಪಿಸಿದ್ದಕ್ಕೆ ಬಂಡೆದ್ದು ಬೆಲ್‌ಗ್ರೇಡ್‌ನ ಹೆದ್ದಾರಿ ತಡೆಯಿತು. ಸರ್ಕಾರ ಮಣಿದು ಗುಪ್ತಚರ ಮುಖ್ಯಸ್ಥರನ್ನೇ ಬದಲಿಸಿತು.

ಜೆಮುನ್ ಎಂಬ ಮಾದಕವಸ್ತು ಗ್ಯಾಂಗ್ ಜೊತೆ ಸೇರಿ ಇವರು 2003ರ ಮಾರ್ಚ್ 12ರಂದು ಪ್ರಧಾನಿ ಜಿಂಜಿಚ್‌ರನ್ನು ಕೊಂದರು. ಗುಂಡು ಹಾರಿಸಿದ ಜ್ವೆಜ್ದಾನ್ ಯೊವಾನೊವಿಚ್ ಇದೇ ಪಡೆಯ ಅಧಿಕಾರಿ. ಎರಡೇ ವಾರದಲ್ಲಿ ಪಡೆ ವಿಸರ್ಜನೆಯಾಯಿತು; ಅವನಿಗೂ ಉಲೆಮೆಕ್‌ಗೂ 2007ರಲ್ಲಿ ತಲಾ 40 ವರ್ಷ ಶಿಕ್ಷೆಯಾಯಿತು. ಯುದ್ಧಾಪರಾಧಗಳಿಗಾಗಿ ಅದೇ ಗುಪ್ತಚರ ಸಂಸ್ಥೆಯ ಮಾಜಿ ಮುಖ್ಯಸ್ಥ ಸ್ತಾನಿಶಿಚ್ ಮತ್ತು ಅಧಿಕಾರಿ ಸಿಮಾತೊವಿಚ್‌ಗೆ ತಲಾ 15 ವರ್ಷದ ಅಂತಿಮ ಶಿಕ್ಷೆ ಬಂದದ್ದು 2023ರಲ್ಲಿ.