ಜಪಾನಿನ ಫುಜಿ ರಾಕ್ ಸಂಗೀತ ಉತ್ಸವಕ್ಕೆ ಒಂದೇ ದಿನ ಹೋಗಿ ಕೊನೆಯ ರೈಲಿಗೆ ಟೋಕಿಯೊಗೆ ಮರಳಬಹುದೇ?

ನಿಮ್ಮ ಪ್ರಶ್ನೆಯ ಕೆಳಗೆ ನನ್ನ ಹೆಸರು ಬರೆದರೂ ಒಂದಕ್ಷರ ತಿದ್ದಬೇಕಾಗಿಲ್ಲ. ಟೋಕಿಯೊದಲ್ಲಿ ಕೆಲಸ, ಜೊತೆಗೆ ಬರುವವರಿಲ್ಲ, ಜಪಾನಿ ಭಾಷೆ ಅಷ್ಟಕ್ಕಷ್ಟೇ, ಒಂದು ದಿನದ ಟಿಕೆಟ್, ರಾತ್ರಿ ಶೂಡೆನ್, ಅಂದರೆ ಕೊನೆಯ ರೈಲು, ಹಿಡಿದು ಮನೆ. 2019ರಲ್ಲಿ ನಾನು ಹಾಕಿದ ಲೆಕ್ಕವೂ ಇದೇ.

ಹೆಸರಿನಲ್ಲಿ ಫುಜಿ ಇದೆಯೆಂದು ಫುಜಿ ಪರ್ವತದ ಕಡೆ ನಕ್ಷೆ ತೆರೆದು ಕೂರಬೇಡಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1997ರಲ್ಲಿ ಮೊದಲ ಉತ್ಸವ ಆ ಪರ್ವತದ ಬುಡದಲ್ಲೇ ನಡೆದದ್ದು ನಿಜ. ಚಂಡಮಾರುತ ಬಡಿದು ಎರಡನೆಯ ದಿನ ರದ್ದಾಯಿತು. ಮರುವರ್ಷ ಟೋಕಿಯೊ, 1999ರಿಂದ ನೀಗಾತಾ ಪ್ರಾಂತ್ಯದ ನಾಯೆಬಾ. ಚಳಿಗಾಲದಲ್ಲಿ ಜನ ಸ್ಕೀ ಆಡುವ ಬೆಟ್ಟ ಅದು. ಜಾಗ ಬದಲಾಯಿತು, ಹೆಸರು ಹಾಗೇ ಉಳಿಯಿತು. ಟೋಕಿಯೊದಿಂದ ಎಚಿಗೊ-ಯುಜಾವಾ ನಿಲ್ದಾಣಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಒಂದೂಕಾಲು, ಒಂದೂವರೆ ಗಂಟೆ. ಅಲ್ಲಿಂದ ಬೆಟ್ಟದ ದಾರಿಯಲ್ಲಿ ಶಟಲ್ ಬಸ್, ಸುಮಾರು 40 ನಿಮಿಷ. ಕಾಗದದ ಮೇಲೆ ಎಲ್ಲವೂ ಸಲೀಸು.

ನಾನು ಹೋದದ್ದು ಶನಿವಾರ. ಅಂದು ರಾತ್ರಿ ಮುಖ್ಯ ವೇದಿಕೆಯಾದ ಗ್ರೀನ್ ಸ್ಟೇಜ್‌ನಲ್ಲಿ ಕೊನೆಯ ಕಾರ್ಯಕ್ರಮ ಆಸ್ಟ್ರೇಲಿಯಾದ ಗಾಯಕಿ ಸಿಯಾ ಅವರದು. ಅವರು ಹಾಡಿ ಮುಗಿಸುವ ಹೊತ್ತಿಗೆ ಶೂಡೆನ್ ಹೊರಟಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಮೂರು ಹಾಡು ಕೇಳಿ ಎದ್ದರೆ ಸಾಕು ಎಂದುಕೊಂಡೆ. ವೇದಿಕೆಯಿಂದ ಬಸ್ಸಿಗೆ 10 ನಿಮಿಷ, ಬಸ್ಸಿನಲ್ಲಿ 40, ನಿಲ್ದಾಣದಲ್ಲಿ ಮೆಟ್ಟಿಲು ಹತ್ತಲು 5. ಇನ್ನೂ ಸ್ವಲ್ಪ ಸಮಯ ಮಿಗುತ್ತದೆ ಎಂದು ಬೀಗಿದ್ದೆ ಬೇರೆ.

ತಪ್ಪಾದದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪು ಕುಳಿತಿದೆ. ಬೆಳಿಗ್ಗೆ ಬಂದ ದಾರಿಯನ್ನೇ ನಾನು ಅಳತೆಗೋಲು ಮಾಡಿಕೊಂಡೆ. ಬೆಳಿಗ್ಗೆ ಇಳಿದ ತಕ್ಷಣ ಬಸ್ಸು, ಕಿಟಕಿ ಪಕ್ಕದ ಸೀಟು, 40 ನಿಮಿಷಕ್ಕೆ ನಾಯೆಬಾ. ಆದರೆ ಬರುವವರು ಬೆಳಿಗ್ಗೆಯಿಂದ ಸಂಜೆಯವರೆಗೆ ಚದುರಿಕೊಂಡು ಬರುತ್ತಾರೆ. ರಾತ್ರಿ ಟೋಕಿಯೊಗೆ ಹೋಗಬೇಕಾದವರೆಲ್ಲರ ಕಣ್ಣು ಒಂದೇ ರೈಲಿನ ಮೇಲೆ, ಹಾಗಾಗಿ ಎಲ್ಲರೂ ಏಳುವುದು ಅದೇ ಅರ್ಧ ಗಂಟೆಯಲ್ಲಿ. ನನ್ನಂತೆಯೇ ಮೂರು ಹಾಡಿನ ಲೆಕ್ಕ ಹಾಕಿದವರು ಇನ್ನೆಷ್ಟು ಜನ ಇರಬಹುದು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಒಬ್ಬ ಮನುಷ್ಯ ನಡೆಯಲು ಬೇಕಾಗುವ ಹೊತ್ತನ್ನು ಲೆಕ್ಕ ಹಾಕಿದೆನೇ ಹೊರತು, ಮಳೆಯಲ್ಲಿ ಒಂದು ಜಾತ್ರೆಯೇ ಕದಲಲು ಬೇಕಾಗುವ ಹೊತ್ತನ್ನಲ್ಲ.

ಹೌದು, ಮಳೆ. ಆ ಶನಿವಾರ ರಾತ್ರಿಯ ಮಳೆಯನ್ನು ಅಲ್ಲಿದ್ದವರು ಯಾರೂ ಮರೆತಿಲ್ಲ. ಸಂಜೆ ನಾನು ಫೀಲ್ಡ್ ಆಫ್ ಹೆವನ್ ಎಂಬ ಇನ್ನೊಂದು ವೇದಿಕೆಯ ಬಳಿ ಇದ್ದೆ. ಅದು ಮೈದಾನದ ಒಳಗೆ ದೂರದ ಮೂಲೆ, ಕಾಡಿನ ನಡುವೆ ಹಲಗೆ ಹಾಸಿದ ಕಾಲುದಾರಿಯಲ್ಲೂ ಹೋಗಬಹುದು. ವಾಪಸು ಬರುವಾಗ ಆ ಹಲಗೆಗಳ ಮೇಲೆ ಜನ ಹೆಜ್ಜೆಗೊಂದು ನಿಮಿಷ ತೆಗೆದುಕೊಳ್ಳುತ್ತಿದ್ದರು. ಗ್ರೀನ್ ಸ್ಟೇಜ್ ತಲುಪಿದಾಗ ಸಿಯಾ ಶುರು ಮಾಡಿದ್ದರು. ಎರಡನೆಯ ಹಾಡಿನ ನಡುವೆಯೇ ಎದೆ ಢವಢವ ಎನ್ನತೊಡಗಿ ಹೊರಟುಬಿಟ್ಟೆ. ಅವರ ಪ್ರದರ್ಶನವೆಂದರೆ ಕಣ್ಣಿಗೆ ಹಬ್ಬ: ಮುಖ ಮುಚ್ಚುವ ವಿಗ್ ತೊಟ್ಟು ಅವರು ಒಂದು ಬದಿಯಲ್ಲಿ ಅಲುಗಾಡದೆ ನಿಲ್ಲುತ್ತಾರೆ, ಇಡೀ ವೇದಿಕೆ ನರ್ತಕರದ್ದು. ನಾನು ಉಳಿದದ್ದನ್ನೆಲ್ಲ ಬಸ್ಸಿನ ಸಾಲಿನಲ್ಲಿ ಮುಂದಿನವರ ಬೆನ್ನು ನೋಡುತ್ತಾ ಕೇಳಿದೆ, ಅದೂ ಮಳೆಯ ಸದ್ದಿನ ನಡುವೆ ತುಣುಕು ತುಣುಕಾಗಿ. ಬಸ್ಸು ನಿಲ್ದಾಣ ಮುಟ್ಟಿದಾಗ ರೈಲು ಹೋಗಿತ್ತು. ಸಮಯಕ್ಕೆ ಸರಿಯಾಗಿ ಹೋಗಿತ್ತು, ಅದನ್ನು ಬೈಯುವ ಹಾಗೂ ಇಲ್ಲ. ಹಾಡೂ ಇಲ್ಲ, ರೈಲೂ ಇಲ್ಲ.

ಆ ರಾತ್ರಿ ಕಳೆದದ್ದು ನಿಲ್ದಾಣದ ನೆಲದ ಮೇಲೆ. ನನ್ನಂಥವರು ಹತ್ತಾರು ಜನ ಪ್ಲಾಸ್ಟಿಕ್ ಹಾಸು ಹಾಸಿ ಮಲಗಿದ್ದರು. ಅಂಥ ಸ್ಥಿತಿಯಲ್ಲೂ ಎಲ್ಲರ ಕೆಸರಿನ ಬೂಟುಗಳು ಹಾಸಿನ ಅಂಚಿಗೆ, ಮೂತಿ ಹೊರಗೆ ಮಾಡಿ, ಜೋಡಿ ಜೋಡಿಯಾಗಿ ನಿಂತಿದ್ದವು. ನನ್ನದು ಹತ್ತಿ ಪ್ಯಾಂಟು, ಬಟ್ಟೆಯ ಷೂ. ಪಕ್ಕದಲ್ಲಿದ್ದ ಅರವತ್ತರ ಹೆಂಗಸೊಬ್ಬರು ಮಾತಿಲ್ಲದೆ ದಿನಪತ್ರಿಕೆಯ ಎರಡು ಹಾಳೆ ಹರಿದು ಉಂಡೆ ಮಾಡಿ ನನ್ನ ಷೂಗಳೊಳಗೆ ತುರುಕಿದರು. ಒಂದು ಗಂಟೆ ಬಿಟ್ಟು ಒದ್ದೆ ಉಂಡೆ ತೆಗೆದು ಒಣ ಉಂಡೆ ಹಾಕಿದರು. ಜಪಾನಿ ಬಾರದು ಎಂಬ ನಿಮ್ಮ ಅಂಜಿಕೆಗೆ ನನ್ನ ಉತ್ತರ ಇಷ್ಟೇ. ಒಬ್ಬರೇ ಹೋಗುವುದೂ ಸಮಸ್ಯೆಯೇ ಅಲ್ಲ. ಯಾವ ವೇದಿಕೆಗೆ ಹೋಗೋಣ ಎಂದು ಚರ್ಚಿಸುತ್ತಾ ಕೆಸರಿನಲ್ಲಿ ನಿಲ್ಲುವ ಕಷ್ಟವಾದರೂ ತಪ್ಪುತ್ತದೆ.

ಅರ್ಧದಷ್ಟು ಬ್ಯಾಂಡ್‌ಗಳ ಹೆಸರೇ ಕೇಳಿಲ್ಲ, ಹಾಗಿರುವಾಗ ಮೂರು ದಿನದ ಟಿಕೆಟ್ ದಂಡವಲ್ಲವೇ ಎಂದು ಕೇಳಿದ್ದೀರಿ. ಪ್ರಶ್ನೆಯೇ ಸರಿಯಿಲ್ಲ, ಕ್ಷಮಿಸಿ. ಗೊತ್ತಿರುವ ಹಾಡು ಕೇಳಲು ಬೆಟ್ಟ ಹತ್ತಬೇಕಿಲ್ಲ. ಅಂದೇ ರಾತ್ರಿ ಮನೆಯ ಹಾಸಿಗೆ ಬೇಕೇ ಬೇಕು ಎಂದಾದರೆ ಆಗಸ್ಟ್‌ನಲ್ಲಿ ಸಮ್ಮರ್ ಸಾನಿಕ್ ಎಂಬ ಇನ್ನೊಂದು ಸಂಗೀತ ಉತ್ಸವ ಇದೆ. ಟೋಕಿಯೊ ಪಕ್ಕದ ಚೀಬಾದ ಮಕುಹಾರಿಯಲ್ಲಿ, ಸಾಮಾನ್ಯ ಲೋಕಲ್ ರೈಲಿನ ದೂರದಲ್ಲಿ. ಅಲ್ಲಿ ಶೂಡೆನ್ ಲೆಕ್ಕ ನಡೆಯುತ್ತದೆ. ನಾಯೆಬಾಕ್ಕೆ ಹೋಗುವುದಾದರೆ ಉಳಿಯಲು ಹೋಗಿ.

ಸಾಮಾನಿನ ಬಗ್ಗೆ ಎರಡೇ ಮಾತು. ಕೊಡೆ ಬೇಡ, ವೇದಿಕೆಯ ಮುಂದೆ ಬಿಚ್ಚಲು ಬಿಡುವುದಿಲ್ಲ, ಹಿಂದಿನವರಿಗೆ ಅಡ್ಡ. ಕಪ್ಪಾ ಮತ್ತು ನಾಗಾಗುತ್ಸು, ಅಂದರೆ ಮಳೆ ಅಂಗಿ ಮತ್ತು ಗಮ್‌ಬೂಟು, ಇವಕ್ಕೆ ಜಿಪುಣತನ ಮಾಡಬೇಡಿ. ನೂರು ಯೆನ್ ಅಂಗಡಿಯ ತೆಳು ಅಂಗಿ ಅರ್ಧ ದಿನಕ್ಕೆ ಹರಿಯುತ್ತದೆ. ಉತ್ಸವ ಜುಲೈನಲ್ಲಿ, ಬೇಸಿಗೆ ತಾನೇ ಎಂದು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ.

ನಾನು ಮತ್ತೆ ಹೋದದ್ದು 2022ರಲ್ಲಿ, ಡೇರೆ ಹೊತ್ತು. ಕ್ಯಾಂಪಿಂಗ್‌ಗೆ ಬೇರೆ ಟಿಕೆಟ್ ಬೇಕು, ಮರೆಯದೆ ಕೊಳ್ಳಿ. ಶನಿವಾರ ಅಮೆರಿಕದ ರಾಕ್ ಗಾಯಕ ಜ್ಯಾಕ್ ವೈಟ್ ಹಾಡಿ ಮುಗಿಸಿದ ಮೇಲೂ ಅಲ್ಲೇ ನಿಂತಿದ್ದೆ, ದೀಪ ಹತ್ತಿಕೊಂಡು ಜನ ಕರಗುವುದನ್ನು ನೋಡುತ್ತಾ. ನಡೆದು ಹೋದರೆ ಡೇರೆ. ಡೇರೆ ಹಾಕುವ ಜಾಗ ಮಾತ್ರ ಬೆಟ್ಟದ ಇಳಿಜಾರು. ಸಮತಟ್ಟಾದ ಮೂಲೆಗಳೆಲ್ಲ ಬೇಗ ಬಂದವರ ಪಾಲಾಗಿರುತ್ತವೆ. ಮಲಗುವಾಗ ತಲೆ ಮೇಲಕ್ಕಿರಲಿ. ನಾನು ಅಡ್ಡ ಮಲಗಿ, ಬೆಳಿಗ್ಗೆ ಏಳುವಾಗ ಡೇರೆಯ ಗೋಡೆಗೆ ಮುಖವೊತ್ತಿಕೊಂಡು ಚೀಲದ ಮೇಲೆ ಬಿದ್ದಿದ್ದೆ.